ಹದಿನಾರು ಸ್ಪ್ರಿಂಗು, ಚನ್ನಬಸವ್ವನ ಪಂಚಮಿ

ಚನ್ನಬಸವ್ವ ಮೊದಲ ಸಲ ನಮ್ಮ ಗ್ಯಾರೇಜಿಗೆ ಬಂದದ್ದು ಮಜ್ಜಿಗೆ ಮಾರಲು. ಮೂವತ್ತೊಂದು ವರ್ಷದ ಹಿಂದಿನ ಬೇಸಿಗೆ ಅದು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಗಡಿಗೆ, ಗಡಿಗೆಯ ಬಾಯಿಗೆ ಒದ್ದೆ ಅರಿವೆ. ಆ ಅರಿವೆಗೆ ಕೆಂಪು ಅಂಚಿತ್ತು, ಒಂದು ಮೂಲೆಯಲ್ಲಿ ಸುಟ್ಟು ತೂತಾಗಿತ್ತು. ಇಂಥವೆಲ್ಲ ನನಗೆ ಮರೆಯುವುದಿಲ್ಲ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಬರೆದಿಟ್ಟುಕೊಳ್ಳುವ ರೂಢಿ ಇರಲಿಲ್ಲ, ಕಂಡದ್ದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡೆ.

ಆಗ ನಮ್ಮ ಯಜಮಾನರು ಅರ್ಜುನಪ್ಪನವರು ಇದ್ದರು. ಕಮರಿಪೇಟೆಯ ಮನೆ ಬಿಟ್ಟು ಗೋಕುಲ ರಸ್ತೆಯ ಒಳಗೊಂದು ಜಾಗ ಹಿಡಿದು, ಮುಂದೆ ತಗಡಿನ ಗ್ಯಾರೇಜು, ಹಿಂದೆ ಎರಡು ಕೋಣೆಯ ಮನೆ ಕಟ್ಟಿದ್ದೆವು. ದಣಿದ ಇಂಜಿನ್ನುಗಳನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಕೂಡಿಸಿ ಕೊಡುವುದೇ ಅವರ ಕಸುಬು. ಇಂಜಿನ್ನಿನೊಳಗೆ ಗಾಳಿ ಬರಲು, ಹೊಗೆ ಹೋಗಲು ಸಣ್ಣ ಬಾಗಿಲುಗಳಿರುತ್ತವೆ. ಅವಕ್ಕೆ ವಾಲ್ವ್ ಎನ್ನುತ್ತಾರೆ. ನೋಡಲು ಉದ್ದ ದಂಟಿನ ಅಣಬೆಯ ಹಾಗೆ. ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂಡದಿದ್ದರೆ ಇಂಜಿನ್ನಿಗೆ ದಮ್ಮು ಉಳಿಯುವುದಿಲ್ಲ. ಕೂಡಿಸಬೇಕೆಂದರೆ ಅಂಚಿಗೆ ಉಸುಕಿನಂಥ ಪೇಸ್ಟು ಹಚ್ಚಿ, ತುದಿಗೆ ರಬ್ಬರಿನ ಬಟ್ಟಲಿರುವ ಕೋಲನ್ನು ವಾಲ್ವಿಗೆ ಅಂಟಿಸಿ, ಎರಡು ಅಂಗೈ ನಡುವೆ ಆ ಕೋಲನ್ನು ತಾಸುಗಟ್ಟಲೆ ತಿರುಗಿಸುತ್ತ ಅರೆಯಬೇಕು.

ಅಂದು ಒಬ್ಬ ಆಳು ಕೂತು ಅದನ್ನೇ ಮಾಡುತ್ತಿದ್ದ. ಮಜ್ಜಿಗೆ ಹಾಕಿಕೊಟ್ಟ ಚನ್ನಬಸವ್ವ ಅಲ್ಲೇ ನಿಂತು ನೋಡಿದಳು. ಸೆರಗು ಬಾಯಿಗೆ ಹಚ್ಚಿ ನಕ್ಕಳು. ಏನೆಂದು ಯಜಮಾನರು ಕೇಳಿದ್ದಕ್ಕೆ ಆಳಿನ ಕಡೆ ತಿರುಗಿ ಹೇಳಿದಳು.

“ಯಪ್ಪಾ, ನೀ ಒಂದ ದಿಕ್ಕಿಗೆ ಜೋರ ಹಾಕಾಕತ್ತಿ. ಹಿಂಗ ಕಡದ್ರ ಸಂಜಿತನಕಾ ಬೆಣ್ಣಿ ಬರಂಗಿಲ್ಲ.”

“ಹಂಗಾರ ನೀನ ಕಡದ ತೋರ್ಸು ತಂಗಿ,” ಎಂದರು ಯಜಮಾನರು.

ಅವರು ಚೇಷ್ಟೆಗೆ ಅಂದದ್ದು. ಅವಳು ಗಡಿಗೆ ಇಳಿಸಿ, ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಕೂತೇ ಬಿಟ್ಟಳು. ಸುಳ್ಳ ಎಂಬ ಹಳ್ಳಿಯಲ್ಲಿ ಎಮ್ಮೆ ಕಟ್ಟಿದ ಮನೆಯಲ್ಲಿ ಹುಟ್ಟಿ ಬೆಳೆದವಳು, ಏಳು ವರ್ಷದವಳಿದ್ದಾಗಿನಿಂದ ಕಡಗೋಲು ಹಿಡಿದವಳು. ಅತ್ತ ನಾಲ್ಕು ತಿರುವು, ಇತ್ತ ನಾಲ್ಕು ತಿರುವು, ನಡುವೆ ಒಮ್ಮೆ ಎತ್ತಿ ಜಾಗ ಬದಲಿಸುವುದು. ಆ ಸಪ್ಪಳ ಕೇಳಿ ನಾನು ಅಡುಗೆ ಮನೆಯಿಂದ ಹೊರಗೆ ಬಂದೆ, ನಮ್ಮ ತಾಯಿ ಮಜ್ಜಿಗೆ ಕಡೆಯುತ್ತಿದ್ದಾರೆ ಅನ್ನಿಸಿತ್ತು. ಆಮೇಲೆ ಯಜಮಾನರು ವಾಲ್ವನ್ನು ಒರೆಸಿ, ಮೇಲಿಂದ ಚಿಮಣಿ ಎಣ್ಣೆ ಹೊಯ್ದು ನೋಡಿದರು. ಒಂದು ಹನಿಯೂ ಕೆಳಗೆ ಜಿನುಗಲಿಲ್ಲ. ಅವರು ಎರಡು ಸಲ ನೋಡಿದರು. ನಾಳೆಯಿಂದ ಗಡಿಗೆ ಮನೆಯಲ್ಲಿಟ್ಟು ಬಾ ಎಂದರು.

ಹೀಗೆ ಬಂದವಳು ಮೂವತ್ತೊಂದು ವರ್ಷ ಕೂತಳು. ಯಜಮಾನರು ತೀರಿಕೊಂಡರು, ಮಗ ಪ್ರಸಾದ ಗ್ಯಾರೇಜು ನೋಡಿಕೊಂಡ, ತಗಡು ಎರಡು ಸಲ ಬದಲಾಯಿತು. ಚನ್ನಬಸವ್ವನ ಮಣೆ ಮಾತ್ರ ಅದೇ ಕಿಟಕಿಯ ಕೆಳಗೆ. ವಾಲ್ವ್ ಅರೆಯುತ್ತ ಅರೆಯುತ್ತ ಪಕ್ಕದಲ್ಲಿ ನಡೆಯುವುದನ್ನೆಲ್ಲ ನೋಡಿ ಕಲಿತಳು. ಪಿಸ್ಟನ್ನು ಕೂಡಿಸುವುದು ಬಂತು, ಬೇರಿಂಗು ಹಾಕುವುದು ಬಂತು, ಅಂಗಳದಲ್ಲಿ ಗಾಡಿ ಹಿಂದೆ ಮುಂದೆ ಮಾಡುತ್ತ ಓಡಿಸುವುದೂ ಬಂತು, ಲೈಸೆನ್ಸೂ ಮಾಡಿಸಿದಳು. ಆದರೆ ಇಂಜಿನ್ನು ಬಿಚ್ಚಿ ಮುಚ್ಚುವವನಿಗೆ ಮಾತ್ರ ಗ್ಯಾರೇಜಿನಲ್ಲಿ ಮೇಸ್ತ್ರಿ ಎನ್ನುವುದು, ಆ ಹೆಸರು ಗುರುಬಸವನದು. ಅವನು ಯಜಮಾನರ ಕೈಯಲ್ಲೇ ಪಳಗಿದವನು, ಒಳ್ಳೆಯ ಕೆಲಸಗಾರ, ನಾಲಿಗೆ ಮಾತ್ರ ಸ್ವಲ್ಪ ಉದ್ದ. ಅವನು ಇವಳಿಗೆ ಇಟ್ಟ ಹೆಸರು ಮಜ್ಜಿಗಿ ಅಕ್ಕ. ಗಿರಾಕಿಗಳೂ ಹಾಗೇ ಕರೆಯುತ್ತಿದ್ದರು. ಅವಳು ಓಗೊಡುತ್ತಿದ್ದಳು, ಆದರೆ ಮೇಸ್ತ್ರಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಅದನ್ನು ನಾನು ಕಂಡಿದ್ದೆ.

ಅವಳಿಗೆ ಎರಡು ರೂಢಿಗಳಿದ್ದವು. ಒಂದು, ಒಡೆದ ಕನ್ನಡಿಯ ತುಂಡೊಂದನ್ನು ಮಣೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದಳು, ಮುಖ ನೋಡಿಕೊಳ್ಳಲು ಅಲ್ಲ. ವಾಲ್ವನ್ನು ಎಳೆದು ಮುಚ್ಚುವುದು ಒಂದು ಸ್ಪ್ರಿಂಗು. ಆ ಸ್ಪ್ರಿಂಗನ್ನು ಕನ್ನಡಿಯ ಮೇಲೆ ನಿಲ್ಲಿಸಿದರೆ, ಅದೂ ಅದರ ಬಿಂಬವೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ವಾಲಿದ್ದರೆ ಕನ್ನಡಿ ಚಾಡಿ ಹೇಳುತ್ತದೆ. ಇನ್ನೊಂದು, ಹೊಸ ಸಾಮಾನು ಹಾಕಿದ ಮೇಲೂ ಹಳೆಯದನ್ನು ಒಗೆಯುತ್ತಿರಲಿಲ್ಲ. ಇಂಜಿನ್ನು ಓಡಿ ತೋರಿಸುವವರೆಗೂ ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದಳು.

ಈಗ ಜೀಪಿನ ಮಾತು. ಗ್ಯಾರೇಜಿನ ಹಿತ್ತಲಲ್ಲಿ ಯಾರೋ ಬಿಟ್ಟು ಹೋದ ಹಳೆಯ ಡೀಸೆಲ್ ಜೀಪೊಂದು ಆರು ವರ್ಷದಿಂದ ನಿಂತಿತ್ತು. ಅದರ ಬಾನೆಟ್ಟಿನ ಮೇಲೆ ನಾನು ಸಂಡಿಗೆ ಒಣಗಿಸುತ್ತಿದ್ದೆ. ಒಂದು ದಿನ ಚನ್ನಬಸವ್ವ ಬಂದು, ಇನ್ನು ಮೇಲೆ ಸಂಡಿಗೆ ಬೇರೆ ಕಡೆ ಹಾಕಬೇಕೆಂದಳು. ಜೀಪನ್ನು ತಾನು ಕೊಂಡಿದ್ದೇನೆ ಎಂದಳು.

ಯಾಕೆಂದು ಆಮೇಲೆ ತಿಳಿಯಿತು. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಲು ಅಣ್ಣತಮ್ಮಂದಿರು ಬರುವುದು ನಮ್ಮ ಕಡೆಯ ಪದ್ಧತಿ. ಚನ್ನಬಸವ್ವನ ಅಣ್ಣ ದ್ಯಾಮಣ್ಣ ಸುಳ್ಳದಲ್ಲಿ ಒಕ್ಕಲುತನ ಮಾಡುವವನು, ವರ್ಷ ತಪ್ಪದೆ ಮೋಟರ್‌ಸೈಕಲ್ಲಿನಲ್ಲಿ ಬರುತ್ತಿದ್ದ. ಹಬ್ಬದ ದಿನ ಊರಲ್ಲಿ ಪಂದ್ಯಗಳು ನಡೆಯುತ್ತವೆ. ಇಷ್ಟು ಒಗೆತಕ್ಕೆ ನಿಂಬೆಹಣ್ಣು ಹಳ್ಳ ಮುಟ್ಟಿಸುತ್ತೇನೆ ಎಂದು ಒಬ್ಬ, ಕಣ್ಣು ಕಟ್ಟಿಕೊಂಡು ಗುಡಿಗೆ ಹೋಗುತ್ತೇನೆ ಎಂದು ಇನ್ನೊಬ್ಬ. ಹಿಂದಿನ ಪಂಚಮಿಯಲ್ಲಿ ದ್ಯಾಮಣ್ಣ ನಿಂಬೆಹಣ್ಣಿನ ಪಂದ್ಯ ಗೆದ್ದು ಬೀಗುತ್ತಿದ್ದಾಗ, ತಂಗಿ ಏನು ಕೆಲಸ ಮಾಡುತ್ತಾಳೆಂದು ಯಾರೋ ಕೇಳಿದರಂತೆ. ಇವನು, ಅಲ್ಲೇನೋ ಕಬ್ಬಿಣ ತಿಕ್ಕುತ್ತಾಳೆ ಎಂದನಂತೆ. ಜೋಕಾಲಿಯ ಮೇಲಿದ್ದ ಚನ್ನಬಸವ್ವ ಕಾಲು ಊರಿ ನಿಲ್ಲಿಸಿದಳು. ಬರುವ ವರ್ಷ ಕರೆಯಲು ಬರಬೇಡ, ನನ್ನ ಕೈಯಾರೆ ಕಟ್ಟಿದ ಇಂಜಿನ್ನಿನ ಗಾಡಿಯಲ್ಲಿ ನಾನೇ ಬರುತ್ತೇನೆ ಎಂದಳು. ಅಣ್ಣ ಅಲ್ಲೇ ಪಂದ್ಯ ಕಟ್ಟಿದ.

“ಹಳ್ಳದ ಏರ ಹತ್ತಿ, ಎಲ್ಲೂ ನಿಂದ್ರಲಾರದ ಈ ಜೋಕಾಲಿ ತನಕಾ ಬಂದಿ ಅಂದ್ರ, ಊರ ಮಂದಿ ಮುಂದ ನಿನಗ ಮೇಸ್ತ್ರಿ ಅಂತೇನಿ. ನಿಂತಿ ಅಂದ್ರ ನನ್ನ ಟ್ರ್ಯಾಕ್ಟರಿಗೆ ಹಗ್ಗಾ ಕಟ್ಟಿ ಊರ ತುಂಬ ಎಳಕೊಂಡ ತಿರಗತೇನಿ. ಆಮ್ಯಾಲೆ ತವರಮನ್ಯಾಗ ಇಂಜಿನ್ನಿನ ಸುದ್ದಿ ತಗೀಬಾರದು.”

ಊರಿಗೆ ಊರೇ ಸಾಕ್ಷಿ. ಹಾಗಾಗಿ ಆ ವರ್ಷವೆಲ್ಲ ಅವಳು ಕೆಲಸ ಮುಗಿದ ಮೇಲೆ ದಿನಕ್ಕೆ ಒಂದು ತಾಸು ಜೀಪಿಗೆ ಕೊಟ್ಟಳು. ಇಂಜಿನ್ನು ಇಳಿಸಿ ಬಿಚ್ಚಿದಳು, ರಿಂಗು ಬೇರಿಂಗು ಎಲ್ಲ ಹೊಸದು ತಂದಳು. ಎಂಟು ವಾಲ್ವನ್ನು ಮೂರು ದಿನ ಕೂತು ಅರೆದಳು. ಗುರುಬಸವ ಕೈ ಹಚ್ಚಲು ಬಂದರೆ ಬೇಡವೆಂದಳು, ಪಂದ್ಯ ತನ್ನ ಕೈಯದು ಎಂದಳು.

ಕೊನೆಗೆ ಉಳಿದದ್ದು ಸ್ಪ್ರಿಂಗು. ವಾಲ್ವಿಗೊಂದರಂತೆ ಎಂಟು. ಅವನ್ನು ಒಂದೊಂದಾಗಿ ಕನ್ನಡಿಯ ಮೇಲೆ ನಿಲ್ಲಿಸಿದಳು. ಒಂದೂ ವಾಲಲಿಲ್ಲ. ಅಂಗಡಿಯಿಂದ ಮಾದರಿಗೆಂದು ತಂದ ಹೊಸದೊಂದನ್ನು ಪಕ್ಕದಲ್ಲಿ ಇಟ್ಟು ನೋಡಿದರೆ, ಹಳೆಯವು ಒಂದು ಅಕ್ಕಿಕಾಳಿನ ದಪ್ಪದಷ್ಟು ಗಿಡ್ಡ. ಅಷ್ಟೇ. ಹಾಕಬೇಕೋ ಬಿಡಬೇಕೋ ಎಂದು ಗಲ್ಲಕ್ಕೆ ಕೈ ಹಚ್ಚಿ ಕೂತಳು. ಅವಳೂ ನನ್ನ ಹಾಗೇ, ಒಡೆಯದೆ ಯಾವುದನ್ನೂ ಬದಲಿಸಿದವಳಲ್ಲ. ಹತ್ತು ವರ್ಷದ ಚಪ್ಪಲಿಗೆ ಹೊಸ ಉಂಗುಟ ಹಾಕಿಸಿಕೊಂಡು ನಡೆಯುವವಳು. ನಾನಂತೂ ಚಲೋ ಇದ್ದದ್ದನ್ನು ತೆಗೆಯಬೇಡವೆಂದೇ ಹೇಳಿದೆ. ನಮ್ಮ ಗ್ಯಾರೇಜಿನ ಪದ್ಧತಿಯೂ ಅದೇ, ಸ್ಪ್ರಿಂಗು ಮುರಿದರೆ ಮಾತ್ರ ಬದಲಿ. ಗುರುಬಸವ ಬಂದು ಒಂದನ್ನು ಬೊಟ್ಟಿನಿಂದ ಒತ್ತಿ ನೋಡಿದ.

“ಮುರದಾವೇನ? ಇಲ್ಲ. ವಾಲ್ಯಾವೇನ? ಇಲ್ಲ. ಒಂದ ಅಕ್ಕಿಕಾಳ ಗಿಡ್ಡ ಆಗ್ಯಾವ. ನಾನೂ ವಯಸ್ಸಾಗಿ ಗಿಡ್ಡ ಆಗೇನಿ. ನನ್ನೂ ಬದಲಿ ಮಾಡ್ತಿಯೇನ ಮಜ್ಜಿಗಿ ಅಕ್ಕಾ?”

“ನಿಮ್ಮನ್ನ ನಿಮ್ಮ ಮನ್ಯಾಕಿ ನೋಡ್ಕೋತಾಳ್ರಿ,” ಎಂದಳು ಚನ್ನಬಸವ್ವ. “ನನ್ನ ವಾಲ್ವು ನಾ ನೋಡ್ಕೋಬೇಕು. ಮೂರ ದಿನಾ ಕುಂತ ಬಾಗಲಾ ಕೂಡಿಸೇನಿ. ಅದನ್ನ ಮುಚ್ಚೋ ಕೈ ದಣದಿದ್ರ, ಬಾಗಲಾ ಛಲೋ ಇದ್ದ ಏನ ಮಾಡೂದು?”

ನಿಧಾನ ಓಡಿಸುವವರಿಗೆ ಹಳೆಯದು ನಡೆದೀತು, ಆದರೆ ಇಂಜಿನ್ನು ಜೋರಾಗಿ ಓಡಿದಾಗ ಒಂದು ನಿಮಿಷಕ್ಕೆ ಸಾವಿರ ಸಲ ಬಾಗಿಲು ತೆರೆದು ಮುಚ್ಚಬೇಕು, ದಣಿದ ಸ್ಪ್ರಿಂಗು ಆಗ ಹಿಂದೆ ಬೀಳುತ್ತದೆ, ಬಾಗಿಲು ಅರ್ಧ ತೆರೆದೇ ಉಳಿಯುತ್ತದೆ ಎಂದು ನನಗೆ ಬಿಡಿಸಿ ಹೇಳಿದಳು. ಹಳ್ಳದ ಏರಿನಲ್ಲಿ ಎರಡನೇ ಗೇರಿಗೆ ಹಾಕಿ ತುಳಿಯಬೇಕಾಗುತ್ತದಲ್ಲ, ಆಗ ಕೈಕೊಟ್ಟರೆ ಅಣ್ಣನ ಟ್ರ್ಯಾಕ್ಟರೇ ಗತಿ. ಗುರುಬಸವ ತಲೆಯಾಡಿಸಿ ಹೋದ. ಅವಳು ಇನ್ನೂ ಏಳು ಹೊಸ ಸ್ಪ್ರಿಂಗು ತರಿಸಿದಳು. ಹಳೆಯ ಎಂಟನ್ನು ತನ್ನ ರೂಢಿಯಂತೆ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಳು.

ಇನ್ನು ನನ್ನ ಪ್ರತಾಪ ಹೇಳಬೇಕು. ಪಂಚಮಿ ಆ ವರ್ಷ ಶುಕ್ರವಾರ ಬಂದಿತ್ತು. ಅದೇ ವಾರದ ಸೋಮವಾರ ಶ್ರಾವಣದ ಮೊದಲ ಸೋಮವಾರ. ನಾನು ಪೂಜೆಯ ಸಾಮಾನು ತೊಳೆಯಲು ಹುಣಸೆಹಣ್ಣು ಬೂದಿ ಕಲಸಿಕೊಂಡು ಹಿತ್ತಲಲ್ಲಿ ಕೂತಿದ್ದೆ. ದೀಪದ ಸಮೆ, ತಾಂಬಿಗೆ, ಗಂಟೆ ಎಲ್ಲ ಬೆಳಗಿದವು. ಹುಳಿ ಇನ್ನೂ ಉಳಿದಿತ್ತು. ಚನ್ನಬಸವ್ವ ಅಂದು ರಜೆ ಮಾಡಿ ಮನೆಯಲ್ಲಿ ಹಬ್ಬದ ಉಂಡಿ ಕಟ್ಟುತ್ತಿದ್ದಳು. ಪಾಪ, ಮೂವತ್ತೊಂದು ವರ್ಷ ದುಡಿದು ಮೊದಲ ಸಲ ಸ್ವಂತ ಗಾಡಿ ಕಟ್ಟುತ್ತಿದ್ದಾಳೆ, ಒಳಗೆ ಹೋಗುವ ಸಾಮಾನನ್ನು ಶ್ರಾವಣ ಸೋಮವಾರ ತೊಳೆದು ವಿಭೂತಿ ಹಚ್ಚಿ ಕೊಟ್ಟರೆ ಒಳ್ಳೆಯದಾಗುತ್ತದೆ ಎಂದು ನನಗನ್ನಿಸಿತು. ಎರಡೂ ಡಬ್ಬಿ ತಂದು ಹದಿನಾರು ಸ್ಪ್ರಿಂಗನ್ನೂ ಬುಟ್ಟಿಗೆ ಸುರಿದೆ. ಹೊಸದಕ್ಕೆ ಎಣ್ಣೆಯ ಜಿಡ್ಡಿತ್ತು, ಒಂದು ಕಡೆ ಹಸಿರು ಬಣ್ಣ ಮೆತ್ತಿಕೊಂಡಿತ್ತು. ಹಳೆಯದಕ್ಕೆ ಮಸಿ. ತಿಕ್ಕಿದೆ ನೋಡಿ. ಹಸಿರು ಬಣ್ಣವನ್ನು ಉಗುರಿನಿಂದ ಕೆರೆದು ಕೆರೆದು ತೆಗೆದೆ. ಒರೆಸಿ, ತುಕ್ಕು ಹಿಡಿಯಬಾರದೆಂದು ಶೇಂಗಾ ಎಣ್ಣೆ ಸವರಿ, ತಾಟಿನಲ್ಲಿ ಸುತ್ತಲೂ ಹೂವಿನ ಎಸಳಿನ ಹಾಗೆ ಇಟ್ಟು ಪೂಜೆ ಮಾಡಿದೆ. ತಿರುಗಿ ಡಬ್ಬಿಗೆ ಹಾಕುವಾಗ, ಹೆಚ್ಚು ಹೊಳೆಯುವ ಎಂಟನ್ನು ಹೊಸದೆಂದು ಹೊಸ ಡಬ್ಬಿಗೆ ಹಾಕಿದೆ. ಹೊಳಪು ನೋಡಿದರೆ ಹೊಸದು ತಿಳಿಯುವುದಿಲ್ಲವೇ ಎಂದುಕೊಂಡೆ. ನನ್ನ ಕೈ ಎಂಥದೆಂದು ನನಗೇ ಗೊತ್ತಿರಲಿಲ್ಲ.

ಮಂಗಳವಾರ ಚನ್ನಬಸವ್ವ ಬಂದು ಹೊಸ ಡಬ್ಬಿ ತೆಗೆದು ಎಂಟನ್ನೂ ಹಾಕಿ ಇಂಜಿನ್ನು ಮುಚ್ಚಿದಳು. ಬುಧವಾರ ಸ್ಟಾರ್ಟ್ ಮಾಡಿದರು. ಮೊದಲನೇ ತಿರುವಿಗೇ ಹಿಡಿಯಿತು. ಗಡಿಯಾರದ ಹಾಗೆ ಸಪ್ಪಳ. ಅವಳ ಗಂಡ ಅಮರೇಶ ಎಪಿಎಂಸಿಯಲ್ಲಿ ಹಮಾಲಿ ಮಾಡುವವನು, ಅರ್ಧ ದಿನ ರಜೆ ಹಾಕಿ ಬಂದಿದ್ದ, ಎಲ್ಲರಿಗೂ ಪೇಢೆ ಹಂಚಿದ. ಪ್ರಸಾದ ಪಕ್ಕದಲ್ಲಿ ಕೂತ, ಚನ್ನಬಸವ್ವ ವಿಮಾನ ನಿಲ್ದಾಣದ ಕಡೆಯ ನೇರ ರಸ್ತೆಗೆ ಓಡಿಸಿಕೊಂಡು ಹೋದಳು.

ತಿರುಗಿ ಬಂದಾಗ ಇಬ್ಬರ ಮುಖವೂ ಸಣ್ಣದಾಗಿತ್ತು. ನಿಧಾನ ಹೋದರೆ ಏನೂ ಇಲ್ಲ, ಜೋರಾಗಿ ತುಳಿದರೆ ಪಟ್ ಪಟ್ ಎಂದು ಬಿಕ್ಕುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಎಳೆಯುವುದಿಲ್ಲ ಎಂದ ಪ್ರಸಾದ. ಗುರುಬಸವನಿಗೆ ಮಾತು ಸಿಕ್ಕಿತು. ವಾಲ್ವ್ ಅರೆದದ್ದೇ ಸರಿಯಾಗಿಲ್ಲವೇನೋ ಎಂದ ಮೊದಲು. ಮೂವತ್ತೊಂದು ವರ್ಷದಲ್ಲಿ ಅವಳ ಅರೆತಕ್ಕೆ ಯಾರೂ ಆ ಮಾತು ಅಂದಿರಲಿಲ್ಲ. ಅವಳು ತನ್ನ ಅಂಗೈ ನೋಡಿಕೊಂಡಳು. ಅವನಿಗೂ ಅಂದದ್ದು ಹೆಚ್ಚಾಯಿತು ಅನ್ನಿಸಿರಬೇಕು, ಮಾತು ತಿರುಗಿಸಿದ.

“ನಿನ್ನ ಕೈ ಅಲ್ಲ ಬಿಡು, ಹೊಸಾ ಸ್ಪ್ರಿಂಗಿನ ಕಾಟ ಇದು. ಹಳೇ ಕಬ್ಬಣದ ಗುಣಾ ಇವಕ್ಕ ಎಲ್ಲಿಂದ ಬರಬೇಕು? ಹಳೇವು ಎಂಟೂ ತಿರಗಿ ಹಾಕು.”

ಆ ಹೊತ್ತಿಗೇ ದ್ಯಾಮಣ್ಣನ ಫೋನು ಬಂತು. ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿದ್ದೇನೆ, ಹಗ್ಗ ಎಷ್ಟು ಮೊಳ ತರಲಿ ಎಂದು ಕೇಳಿದನಂತೆ. ಹಿಂದೆ ಹೆಂಗಸರು ನಗುವುದು ನಮಗೂ ಕೇಳಿಸಿತು. ನಿನ್ನ ಎಮ್ಮೆಗೆ ಎಷ್ಟು ಬೇಕೋ ಅಷ್ಟು ತಾ ಎಂದು ಹೇಳಿ ಇವಳು ಫೋನು ಇಟ್ಟಳು. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಹಳೆಯದನ್ನು ಹಾಕಿದರೆ ಗುರುಬಸವ ಹೇಳಿದ್ದೇ ಸರಿ ಎಂದಾಗುತ್ತದೆ. ಹಾಕದಿದ್ದರೆ ಗಾಡಿ ಏರು ಹತ್ತುವುದಿಲ್ಲ. ಉಳಿದದ್ದು ಒಂದೇ ದಿನ. ಯಾರದಾದರೂ ಕಾರು ಕೇಳಿ ಕೊಡಿಸುತ್ತೇನೆ, ಅದರಲ್ಲೇ ಹೋಗಿ ಬಾ ಅಕ್ಕಾ ಎಂದು ಪ್ರಸಾದ ಹೇಳಿದ. ಅವಳು ಮನೆಗೆ ಹೋದಳು.

ಗುರುವಾರ ಬೆಳಿಗ್ಗೆ ಹೆಂಗಸರೆಲ್ಲ ನಾಗಪ್ಪನಿಗೆ ಹಾಲೆರೆಯಲು ಹೊರಟಿದ್ದಾಗ ಇವಳು ಹಾಲೆರೆದು ಮುಗಿಸಿ ಗ್ಯಾರೇಜಿಗೆ ಬಂದಾಗಿತ್ತು. ಹಣೆಯ ಮೇಲೆ ಹಸಿ ವಿಭೂತಿ. ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದಳು. ಎಂಟು ಸ್ಪ್ರಿಂಗು ಸಾಲಾಗಿ ಕಂಡವು. ಹಾಕಿದ್ದನ್ನು ತೆಗೆಯುವ ಮೊದಲು ಕಣ್ಣಿನಿಂದ ನೋಡಬೇಕೆಂದು ಬಗ್ಗಿ ಒಂದೊಂದನ್ನೂ ನೋಡುತ್ತ ಹೋದಳು. ನಾನು ಚಹಾ ತಂದು ಹಿಂದೆ ನಿಂತಿದ್ದೆ.

“ಅವ್ವಾರ, ಹೊಸಾ ಸ್ಪ್ರಿಂಗಿಗೆ ಹಸರ ಬಣ್ಣ ಇತ್ತು. ಒಂದಕ್ಕೂ ಕಾಣವಲ್ದು.”

ನಾನು ಚಹಾದ ಬಸಿ ಕೆಳಗೆ ಇಟ್ಟೆ. ಎಪ್ಪತ್ತಾರು ವರ್ಷದವಳು, ತಪ್ಪು ಮಾಡಿ ಸಿಕ್ಕ ಸಾಲಿ ಹುಡುಗಿಯ ಹಾಗಾದೆ.

“ಅದು ಹೊಲಸಂತ ತಿಳದು ಉಗರಿಲೆ ಕೆರದ ತಗದೇನವಾ,” ಎಂದೆ.

ಆಮೇಲೆ ಒಂದೂ ಬಿಡದೆ ಹೇಳಿದೆ. ಹುಣಸೆಹಣ್ಣು, ಬೂದಿ, ಬುಟ್ಟಿ, ತಾಟು, ಎಸಳಿನ ಹಾಗೆ ಇಟ್ಟದ್ದು, ಹೊಳಪು ನೋಡಿ ಬೇರೆ ಮಾಡಿದ್ದು. ಹೇಳುತ್ತ ಹೋದ ಹಾಗೆ ಅವಳ ಕಣ್ಣು ದೊಡ್ಡವಾದವು. ಬೈಯುತ್ತಾಳೆ ಎಂದು ನಾನು ತಲೆ ತಗ್ಗಿಸಿದೆ. ಅವಳು ಮಣೆಯ ಮೇಲೆ ಕುಸಿದು ಕೂತು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪ್ರಸಾದ ಓಡಿ ಬಂದ, ಗುರುಬಸವ ಬಂದ. ಏನಾಯಿತೆಂದು ಅವರಿಗೆ ಹೇಳಲು ಹೋದರೆ ಹುಣಸೆಹಣ್ಣಿಗೆ ಬಂದೊಡನೆ ಮತ್ತೆ ನಗೆ.

“ಕನ್ನಡಿ ಮ್ಯಾಲೆ ನಿಂದ್ರಸಲಾರದ ನಾ ಹಾಕಿದ ಸ್ಪ್ರಿಂಗು ಇವ ಮೊದಲನೇವು,” ಎಂದಳು ಕೊನೆಗೆ. “ಹೊಸಾ ಡಬ್ಬಿ ಅಂತ ನಂಬಿದೆ. ನೀವು ತೊಳದ್ರಿ, ನಾ ನೋಡಲಿಲ್ಲ. ತಪ್ಪು ಅರ್ಧಾ ನಿಮ್ಮದು, ಅರ್ಧಾ ನಂದು.”

ಆದರೆ ಯಾವುದು ಹೊಸದು, ಯಾವುದು ಹಳೆಯದು? ಈಗ ಹದಿನಾರೂ ಬೆಳ್ಳಿ ಹಾಗೆ ಹೊಳೆಯುತ್ತಿದ್ದವು. ಕನ್ನಡಿಯ ಮೇಲೆ ನಿಲ್ಲಿಸಿದರೆ ಅಕ್ಕಿಕಾಳಿನ ಫರಕು ಕೆಲವಕ್ಕೆ ಕಂಡಿತು, ಕೆಲವಕ್ಕೆ ಅನುಮಾನ. ಆಗ ಚನ್ನಬಸವ್ವ ಯಜಮಾನರು ಮಾಡುತ್ತಿದ್ದ ಒಂದು ಯುಕ್ತಿ ನೆನಪಿಸಿದಳು. ಕಟ್ಟೆಗೆ ಜಡಿದ ವೈಸ್ ಇರುತ್ತದಲ್ಲ, ಹಿಡಿಕೆ ತಿರುಗಿಸಿದರೆ ಎರಡು ದವಡೆ ಕೂಡಿ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ. ಎರಡು ಸ್ಪ್ರಿಂಗನ್ನು ತಲೆಗೆ ತಲೆ ಹಚ್ಚಿ, ನಡುವೆ ಒಂದು ತಗಡಿನ ತುಂಡಿಟ್ಟು, ದವಡೆಯ ನಡುವೆ ಒತ್ತಬೇಕು. ಎರಡರ ಮೇಲೂ ಬೀಳುವ ಜೋರು ಒಂದೇ. ಬಲ ಇದ್ದದ್ದು ತಡೆಯುತ್ತದೆ, ದಣಿದದ್ದು ಹೆಚ್ಚು ಮುದುಡುತ್ತದೆ. ನಡುವಿನ ತಗಡು ಯಾವ ಕಡೆ ಸರಿಯುತ್ತದೋ ಆ ಕಡೆಯದು ಸೋತಂತೆ.

ವಾಲ್ವ್ ಒಳಗೆ ಬೀಳದ ಹಾಗೆ ಪಿಸ್ಟನ್ನುಗಳನ್ನು ಮೇಲಕ್ಕೆ ತಂದು, ಎಂಟನ್ನೂ ಬಿಚ್ಚಿದಳು. ವೈಸಿನ ಹಿಡಿಕೆಗೆ ಗುರುಬಸವನನ್ನೇ ನಿಲ್ಲಿಸಿದಳು, ನೀವೇ ಒತ್ತಿರಿ, ಆಮೇಲೆ ನನ್ನ ಕೈಚಳಕ ಅನ್ನಬಾರದು ಎಂದಳು. ಮೊದಲ ಜೋಡಿ ಸಮ ನಿಂತಿತು. ಎರಡನೆಯದರಲ್ಲಿ ತಗಡು ಸರಿಯಿತು. ಮೂರನೆಯದಕ್ಕೆ ಪ್ರಸಾದ, ಎಡಗಡೆಯ ಪೈಲ್ವಾನ ಗೆಲ್ಲುತ್ತಾನೆ, ಒಂದು ಎಳ್ಳುಂಡಿ ಪಂದ್ಯ ಎಂದ. ಅಲ್ಲಿಂದ ಅದು ಕುಸ್ತಿಯ ಕಣವೇ ಆಯಿತು. ಪಕ್ಕದ ವೆಲ್ಡಿಂಗ್ ಅಂಗಡಿಯವರು ಬಂದು ಸುತ್ತ ನಿಂತರು. ನಾನೂ ಒಂದು ಶೇಂಗಾ ಉಂಡಿ ಸೋತೆ, ಹೊಳಪು ನೋಡಿ ಹೇಳಿದ್ದೆ. ಸಮ ನಿಂತವನ್ನು ಬೇರೆಯವುಗಳ ಜೊತೆ ಮತ್ತೆ ಒತ್ತಿ, ಗೆದ್ದದ್ದನ್ನು ಒಂದು ಕಡೆ, ಸೋತದ್ದನ್ನು ಒಂದು ಕಡೆ ಇಡುತ್ತ ಹೋದರೆ ಸರಿಯಾಗಿ ಎಂಟು, ಎಂಟು. ಇಂಜಿನ್ನಿನೊಳಗೆ ಇದ್ದವುಗಳಲ್ಲಿ ಮೂರು ಸೋತ ಗುಂಪಿಗೆ ಹೋದವು.

ಗುರುಬಸವ ಕೊನೆಯ ಜೋಡಿಯನ್ನು ಬಹಳ ಹೊತ್ತು ನೋಡಿದ. ಒತ್ತದೆ ನಿಲ್ಲಿಸಿದಾಗ ಒಂದು ಅಕ್ಕಿಕಾಳಿನ ಫರಕು, ಒತ್ತಿದಾಗ ಅರ್ಧ ಬೊಟ್ಟಿನ ಫರಕು. ಹಿಡಿಕೆ ಬಿಚ್ಚಿ ಮತ್ತೆ ಒಮ್ಮೆ ಒತ್ತಿದ. ತಗಡು ಮತ್ತೆ ಅದೇ ಕಡೆ ಸರಿಯಿತು. ಗೆದ್ದ ಎಂಟನ್ನೂ ತಾನೇ ಒರೆಸಿ ಒಂದೊಂದಾಗಿ ಅವಳ ಕೈಗೆ ಕೊಡುತ್ತ ಹೋದ. ಅವಳು ಪ್ರತಿಯೊಂದನ್ನೂ ಕನ್ನಡಿಯ ಮೇಲೆ ನಿಲ್ಲಿಸಿ ನೋಡಿಯೇ ಹಾಕಿದಳು. ಮಧ್ಯಾಹ್ನ ಅದೇ ನೇರ ರಸ್ತೆಗೆ ಹೋಗಿ ಬಂದರು. ಈ ಸಲ ಬರುವ ಸಪ್ಪಳ ದೂರದಿಂದಲೇ ಕೇಳಿ ನಾನು ಒಲೆಯ ಮೇಲೆ ಚಹಾಕ್ಕೆ ಇಟ್ಟೆ. ಬಿಕ್ಕು ಇರಲಿಲ್ಲ.

ಶುಕ್ರವಾರ ನನ್ನನ್ನೂ ಬಿಡಲಿಲ್ಲ. ತೊಳೆದವರು ಬಂದು ನೋಡಬೇಕು ಎಂದು ಎಬ್ಬಿಸಿಕೊಂಡು ಹೋದಳು. ಅವಳು ಇಳಕಲ್ ಸೀರೆ ಉಟ್ಟು, ಮುಡಿಗೆ ಅಬ್ಬಲಿಗೆ ಮುಡಿದು ಸ್ಟಿಯರಿಂಗ್ ಹಿಡಿದಿದ್ದಳು. ಪಕ್ಕದಲ್ಲಿ ಅಮರೇಶ ಉಂಡಿಯ ಡಬ್ಬಿಯನ್ನು ಕೂಸಿನ ಹಾಗೆ ಅಪ್ಪಿಕೊಂಡು ಕೂತಿದ್ದ. ಹೆಂಡತಿ ಗೇರು ಬದಲಿಸಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ. ಹಿಂದೆ ನಾನು, ನನ್ನೆದುರಿಗೆ ಗುರುಬಸವ. ಅವನು ಕರೆಯದೆಯೇ ಬಂದಿದ್ದ, ಕಾಲಬುಡದಲ್ಲಿ ನಟ್ಟು ಬಿಚ್ಚುವ ಪಾನಾಗಳ ಚೀಲ. ಚೀಲ ಬಿಚ್ಚಿದರೆ ಪಂದ್ಯ ಸೋತ ಹಾಗೇ ಎಂದು ಅವಳು ಹೇಳಿದ್ದಕ್ಕೆ, ಬಿಚ್ಚುವುದಿಲ್ಲ, ಸುಮ್ಮನೆ ಕಾಲಿಡಲು ತಂದಿದ್ದೇನೆ ಎಂದ.

ಕೇಶ್ವಾಪುರ ದಾಟಿ ಸುಳ್ಳದ ರಸ್ತೆ ಹಿಡಿದ ಮೇಲೆ ಎರಡೂ ಕಡೆ ಎರೆ ಹೊಲ, ಹೆಸರು ಕಾಯಿ ಕಟ್ಟಿತ್ತು. ಹಿಂದಿನ ದಿನದ ಮಳೆಗೆ ನೆಲ ಕಪ್ಪಗೆ ಮಿನುಗುತ್ತಿತ್ತು. ರಸ್ತೆಯ ಮೇಲೆ ಬೈಕಿನ ಹಿಂದೆ ಹೊಸ ಸೀರೆಯ ಹೆಣ್ಣುಮಕ್ಕಳು, ಮುಂದೆ ಅಣ್ಣತಮ್ಮಂದಿರು. ಅವರನ್ನೆಲ್ಲ ಹಿಂದೆ ಹಾಕಿ ಇವಳು ಹೊರಟಿದ್ದಳು. ಒಬ್ಬ ಹುಡುಗಿ ತನ್ನ ಅಣ್ಣನ ಬೆನ್ನಿಗೆ ಗುದ್ದಿ ನಮ್ಮ ಕಡೆ ಕೈ ಮಾಡಿ ಏನೋ ಹೇಳಿದಳು. ಚನ್ನಬಸವ್ವ ಹಾರ್ನ್ ಬಾರಿಸಿದಳು.

ಹಳ್ಳ ಬಂತು. ಅದರಾಚೆ ಏರು. ಏರಿನ ತಲೆಯ ಮೇಲೆ ದ್ಯಾಮಣ್ಣ ಟ್ರ್ಯಾಕ್ಟರು ಅಡ್ಡ ನಿಲ್ಲಿಸಿಕೊಂಡು, ಹೆಗಲ ಮೇಲೆ ಹಗ್ಗದ ಸಿಂಬಿ ಹಾಕಿಕೊಂಡು ನಿಂತಿದ್ದ. ಸುತ್ತ ಹತ್ತಿಪ್ಪತ್ತು ಮಂದಿ. ಚನ್ನಬಸವ್ವ ಎರಡನೇ ಗೇರಿಗೆ ಹಾಕಿ ತುಳಿದಳು. ಇಂಜಿನ್ನು ಕೂಗತೊಡಗಿತು. ಮೊನ್ನೆ ಬಿಕ್ಕಿದ್ದು ಈ ದನಿಯಲ್ಲೇ ಎಂದು ಪ್ರಸಾದ ಹೇಳಿದ್ದು ನೆನಪಾಗಿ ನಾನು ಕೊರಳಿನ ಲಿಂಗ ಹಿಡಿದುಕೊಂಡೆ. ಗುರುಬಸವ ತಲೆ ವಾಲಿಸಿ ಕಿವಿಗೊಟ್ಟಿದ್ದ, ಬೊಟ್ಟಿನಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಅರ್ಧ ಏರಾಯಿತು. ತಾಳ ತಪ್ಪಲಿಲ್ಲ. ಮುಕ್ಕಾಲು ಏರಾಯಿತು. ಅವನ ಬೊಟ್ಟು ನಿಂತಿತು, ಮುಖದಲ್ಲಿ ನಗೆ ಬಂತು, ಪಾನಾ ಚೀಲವನ್ನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿದ.

ಏರಿನ ತಲೆಗೆ ಬಂದಾಗ ಅಣ್ಣ ಕೈ ಎತ್ತಿ ನಿಲ್ಲಿಸು ಎಂದ. ನಿಂತರೆ ಪಂದ್ಯ ಹೋಯಿತಲ್ಲ, ಇವಳು ನಿಲ್ಲಲಿಲ್ಲ. ಟ್ರ್ಯಾಕ್ಟರಿನ ಪಕ್ಕದ ಹೊಲದಂಚಿಗೆ ಇಳಿಸಿ, ಮತ್ತೆ ರಸ್ತೆಗೆ ಹತ್ತಿಸಿ, ಮುಂದೆ ನಡೆದಳು. ದ್ಯಾಮಣ್ಣ ಹಗ್ಗ ಹೊತ್ತುಕೊಂಡೇ ಹಿಂದೆ ಓಡಿ ಬಂದ. ಮಂದಿಯೆಲ್ಲ ಅವನ ಹಿಂದೆ. ಊರೊಳಗೆ, ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯ ಮುಂದೆ ಜೀಪು ನಿಂತಿತು. ಜೋಕಾಲಿಯ ಹಗ್ಗ ಮುಟ್ಟಿ ನಿಂತಿತು ಎಂದರೂ ಸುಳ್ಳಲ್ಲ.

ದ್ಯಾಮಣ್ಣ ಏದುಸಿರು ಬಿಡುತ್ತ ಬಂದು ಜೀಪಿನ ಬಾಗಿಲು ಹಿಡಿದ. ಊರ ಮಂದಿ ಸುತ್ತ ನಿಂತು ಅವನ ಬಾಯಿಯನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ತಂಗಿಗೆ ಬಾ, ಹೋಗು ಎಂದವನು.

“ಇಳೀರಿ ಮೇಸ್ತ್ರಿ,” ಎಂದ, ಬಹಳ ಸಣ್ಣ ದನಿಯಲ್ಲಿ.

ಜೋಕಾಲಿಯ ಹತ್ತಿರದ ಹೆಂಗಸರು ತಮಗೆ ಕೇಳಿಸಲಿಲ್ಲ ಎಂದರು. ಅವನು ಹಗ್ಗ ಕೆಳಗೆ ಒಗೆದು, ಹೆಗಲ ಮೇಲಿನ ಟವೆಲ್ ತೆಗೆದು ಜೀಪಿನ ಮೆಟ್ಟಿಲು ಒರೆಸಿದ.

“ಇಳೀರಿ ಮೇಸ್ತ್ರಿ, ಉಂಡಿ ತಿನ್ನಾಕ ಬರ್ರಿ,” ಎಂದ ಈ ಸಲ ಗುಡಿಯವರೆಗೂ ಕೇಳುವ ಹಾಗೆ.

ಚನ್ನಬಸವ್ವ ಇಳಿದಳು. ಅಣ್ಣನ ಕಾಲು ಮುಟ್ಟಿದಳು. ಅಮರೇಶ ಆಗ ಕಣ್ಣು ತೆರೆದು, ಬಂದೆವೋ ಎಂದು ಕೇಳಿದ.

ಅಂದು ಅವಳು ಜೋಕಾಲಿ ಆಡಿದಷ್ಟು ಎಳೆಯ ಹುಡುಗಿಯರೂ ಆಡಲಿಲ್ಲ. ನಾನು ಎರಡು ತಂಬಿಟ್ಟಿನುಂಡಿ, ಒಂದು ಶೇಂಗಾ ಉಂಡಿ ತಿಂದೆ, ಹುರಿದ ಜೋಳದ ಅಳ್ಳು ಸೆರಗಿಗೆ ಕಟ್ಟಿಸಿಕೊಂಡೆ. ಸಂಜೆ ಹೊರಡುವಾಗ ದ್ಯಾಮಣ್ಣ ಜೀಪಿನ ಪಕ್ಕಕ್ಕೆ ಬಂದು ತಲೆ ತುರಿಸುತ್ತ ನಿಂತ. ತನ್ನ ಟ್ರ್ಯಾಕ್ಟರೂ ಉಳುವಾಗ ಜೋರು ಮಾಡಿದರೆ ಪಟ್ ಪಟ್ ಅನ್ನುತ್ತದೆ, ಏನಿರಬಹುದು ಎಂದು ಕೇಳಿದ. ಕೇಳಿದ್ದು ತಂಗಿಯನ್ನು, ಆದರೆ ಉತ್ತರ ಕೊಡಲು ಬಾಯಿ ತೆರೆದವನು ಗುರುಬಸವ. ತೆರೆದವನು ಅಲ್ಲೇ ಮುಚ್ಚಿದ.

“ನನ್ನ ಕೇಳಬ್ಯಾಡ್ರಿ,” ಎಂದ. “ಮೇಸ್ತ್ರಿ ಅಲ್ಲಿ ಕುಂತಾರ, ಅವರನ್ನ ಕೇಳ್ರಿ.”

ಮೂವತ್ತೊಂದು ವರ್ಷದಲ್ಲಿ ಅವನ ಬಾಯಲ್ಲಿ ಮೊದಲ ಸಲ. ಚನ್ನಬಸವ್ವನ ಕೈ ಗೇರಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅಣ್ಣನಿಗೆ ಸೋಮವಾರ ಗೋಕುಲ ರಸ್ತೆಗೆ ತೆಗೆದುಕೊಂಡು ಬರಲು ಹೇಳಿದಳು. ಮೊದಲು ಸ್ಪ್ರಿಂಗು ನೋಡೋಣ, ಮುರಿದಿಲ್ಲ ಅಂತ ಸುಮ್ಮನಿರಬೇಡ ಎಂದಳು. ಗಾಡಿ ಸ್ಟಾರ್ಟ್ ಮಾಡಿ, ಹೊರಳಿ ನನ್ನ ಮುಖ ನೋಡಿ, ಮತ್ತೆ ಅಣ್ಣನಿಗೆ ಹೇಳಿದಳು.

“ಹೆಂಗ ಐತಿ ಹಂಗ ತಗೊಂಬಾ. ಯಾರ ಕಡೇನೂ ತೊಳಸಬ್ಯಾಡ.”

ಈಗ ಗ್ಯಾರೇಜಿನ ಪದ್ಧತಿ ಬದಲಾಗಿದೆ. ಯಾವ ಇಂಜಿನ್ನು ಬಿಚ್ಚಿದರೂ ಸ್ಪ್ರಿಂಗುಗಳು ಮೊದಲು ಚನ್ನಬಸವ್ವನ ಕನ್ನಡಿಗೆ ಹೋಗುತ್ತವೆ, ಅಲ್ಲಿಂದ ವೈಸಿಗೆ. ಹಿಡಿಕೆ ತಿರುಗಿಸುವವನು ಗುರುಬಸವ. ಸೋತ ಆ ಎಂಟನ್ನು ಅವಳು ನನಗೇ ಕೊಟ್ಟಳು. ನಾನು ಹುಣಸೆಹಣ್ಣು ಕಲಸಿಕೊಂಡು ಹಿತ್ತಲಿಗೆ ಹೊರಟರೆ ಗ್ಯಾರೇಜಿನಲ್ಲಿ ಒಬ್ಬರಿಗೊಬ್ಬರು ಕಣ್ಣು ಮಾಡಿ, ಡಬ್ಬಿಗಳನ್ನು ಮೇಲಿನ ಹಲಗೆಗೆ ಎತ್ತಿಡುತ್ತಾರೆ. ಎತ್ತಿಡಲಿ. ನನ್ನ ಎಂಟು ದೇವರ ಕೋಣೆಯಲ್ಲಿವೆ, ಪ್ರತಿ ಸೋಮವಾರ ಬೆಳಗುತ್ತೇನೆ, ಬೆಳ್ಳಿಯ ಹಾಗೆ ಹೊಳೆಯುತ್ತವೆ.